ದಿಕ್ಕಿಗೆ ಲೆಕ್ಕ ಬರೆದ ತಂತಿ ನೌಕರ
ಆಲಿವರ್ ಹೆವಿಸೈಡನ ಜೀವನ ಚರಿತ್ರೆ

ಭೌತಶಾಸ್ತ್ರದ ಪಠ್ಯಪುಸ್ತಕವನ್ನು ತೆರೆದ ವಿದ್ಯಾರ್ಥಿಗೆ ಮೊದಲ ಅಧ್ಯಾಯಗಳಲ್ಲಿಯೇ ಎದುರಾಗುವ ಜೋಡಿ ಶಬ್ದಗಳೆಂದರೆ ಅದಿಶ ಪರಿಮಾಣ ಮತ್ತು ಸದಿಶ ಪರಿಮಾಣ. ಇಂಗ್ಲಿಷಿನಲ್ಲಿ ಇವನ್ನೇ ಸ್ಕೇಲಾರ್, ವೆಕ್ಟರ್ ಎನ್ನುತ್ತಾರೆ. ಎಷ್ಟು ಎಂದಷ್ಟೇ ಹೇಳಿದರೆ ಸಾಕಾಗುವುದು ಅದಿಶ. ಎಷ್ಟು ಎನ್ನುವುದರ ಜೊತೆಗೆ ಯಾವ ಕಡೆಗೆ ಎಂದೂ ಹೇಳಬೇಕಾದದ್ದು ಸದಿಶ. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ವಾಚಕರಲ್ಲಿ ಅನೇಕರು ಈ ಎರಡು ವಾಕ್ಯಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಲ್ಲಿಗೆ ಮರೆತಿರಬಹುದು. ಆದರೆ ಈ ಸಣ್ಣ ಭೇದವನ್ನು ಇಂದಿನ ರೂಪದಲ್ಲಿ ಶಾಸ್ತ್ರದ ಬಳಕೆಗೆ ತಂದವರಲ್ಲಿ ಪ್ರಮುಖನಾದವನು ಕಾಲೇಜಿನ ಮೆಟ್ಟಿಲನ್ನೇ ಹತ್ತದ, ಹದಿನಾರರ ವಯಸ್ಸಿಗೆ ಶಾಲೆ ಬಿಟ್ಟ, ತಂತಿ ಕಚೇರಿಯಲ್ಲಿ ಸಂಬಳಕ್ಕೆ ದುಡಿದ ಒಬ್ಬ ಕಿವುಡನೆಂಬುದು ಹೆಚ್ಚು ಜನರಿಗೆ ತಿಳಿಯದು. ಆತನ ಹೆಸರು ಆಲಿವರ್ ಹೆವಿಸೈಡ್.

ಹೆವಿಸೈಡನು 1850ನೆಯ ಇಸವಿ ಮೇ 18ರಂದು ಲಂಡನ್ನಿನ ಕ್ಯಾಮ್ಡೆನ್ ಟೌನ್ ಎಂಬಲ್ಲಿ ಜನಿಸಿದನು. ತಂದೆ ಥಾಮಸ್ ಹೆವಿಸೈಡ್ ಮರದ ಅಚ್ಚುಗಳಲ್ಲಿ ಚಿತ್ರ ಕೊರೆಯುವ ಕಸುಬಿನವನು. ಕಸುಬು ನಾಜೂಕಿನದು, ಆದಾಯ ಮಾತ್ರ ಅಷ್ಟಕ್ಕಷ್ಟೆ. ಮನೆ ನಡೆಸುವುದಕ್ಕಾಗಿ ತಾಯಿಯು ಹೆಣ್ಣುಮಕ್ಕಳಿಗೆಂದು ಒಂದು ಸಣ್ಣ ಶಾಲೆಯನ್ನು ನಡೆಸುತ್ತಿದ್ದಳು. ನಾಲ್ವರು ಗಂಡುಮಕ್ಕಳಲ್ಲಿ ಆಲಿವರನೇ ಕಿರಿಯ. ಎಳವೆಯಲ್ಲಿ ಬಂದ ಕೆಂಜ್ವರದಿಂದ ಆತನ ಕಿವಿ ಮಂದವಾಯಿತು. ಬೀದಿಯ ಹುಡುಗರೊಡನೆ ಬೆರೆತು ಆಡುವ ಭಾಗ್ಯ ಅವನಿಗೆ ಸರಿಯಾಗಿ ದೊರೆಯಲಿಲ್ಲ. ಮುಂದೆ ಜೀವಮಾನವಿಡೀ ಆತನು ಜನರಿಂದ ದೂರ ನಿಂತುದಕ್ಕೆ ಬೀಜ ಇಲ್ಲಿಯೇ ಬಿದ್ದಿತೆಂದು ತೋರುತ್ತದೆ.

ಶಾಲೆಯಲ್ಲಿ ಹುಡುಗನು ದಡ್ಡನಾಗಿರಲಿಲ್ಲ. 1865ರಲ್ಲಿ ನಡೆದ ಒಂದು ಸಾರ್ವಜನಿಕ ಪರೀಕ್ಷೆಗೆ ಕುಳಿತ ಐನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಐದನೆಯವನಾಗಿ ಉತ್ತೀರ್ಣನಾದನು. ಆದರೂ ಮುಂದೆ ಓದಿಸುವ ಶಕ್ತಿ ಮನೆಯವರಿಗಿರಲಿಲ್ಲ. ಮರುವರ್ಷ ಶಾಲೆಗೆ ಶರಣು ಹೊಡೆದು, ಮನೆಯಲ್ಲಿಯೇ ಪುಸ್ತಕ ಹಿಡಿದು ಕುಳಿತನು. ಬಂಧುಗಳಲ್ಲಿ ಒಬ್ಬ ದೊಡ್ಡ ಮನುಷ್ಯನಿದ್ದುದು ಅವನ ಅದೃಷ್ಟ. ತಂತಿ ವಿದ್ಯೆಯ ಆದಿಪುರುಷರಲ್ಲಿ ಒಬ್ಬನಾದ ಸರ್ ಚಾರ್ಲ್ಸ್ ವೀಟ್‌ಸ್ಟನ್ ಆತನ ತಾಯಿಯ ಸೋದರಿಯ ಗಂಡ. ಈ ನಂಟಿನಿಂದ ಹೆವಿಸೈಡ್ ಸೋದರರಿಗೆ ತಂತಿಯ ಲೋಕದ ಬಾಗಿಲು ತೆರೆಯಿತು. ಅಣ್ಣ ಆರ್ಥರನು ಅಂಚೆ ಇಲಾಖೆಯ ತಂತಿ ವಿಭಾಗದಲ್ಲಿ ಇಂಜಿನಿಯರನಾದನು. ಆಲಿವರನು 1868ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಇಂಗ್ಲೆಂಡಿನಿಂದ ಡೆನ್ಮಾರ್ಕಿಗೆ ಸಮುದ್ರದಡಿಯಲ್ಲಿ ಎಳೆದ ತಂತಿಯ ಕೆಲಸಕ್ಕೆ ಸೇರಿ ಡೆನ್ಮಾರ್ಕಿನ ಫ್ರೆಡೆರಿಷಿಯಾ ಎಂಬ ಊರಿಗೆ ಹೊರಟನು. ಭಾಷೆ ಬೇರೆ, ನೀರು ಬೇರೆ, ಜನ ಬೇರೆ. ಹೊಟ್ಟೆಪಾಡಿಗಾಗಿ ಹದಿಹರೆಯದಲ್ಲಿ ಊರು ಬಿಟ್ಟು ಬಂದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ವರ್ಷಗಳ ತರುವಾಯ ಇಂಗ್ಲೆಂಡಿನ ನ್ಯೂಕ್ಯಾಸಲಿಗೆ ವರ್ಗವಾಗಿ, ಅಲ್ಲಿ ಮುಖ್ಯ ತಂತಿ ನೌಕರನಾದನು. ಕಟ್ಟಕಡ ಎಂದು ಮೋರ್ಸ್ ಸಂಕೇತಗಳನ್ನು ಕಳುಹಿಸುವುದು, ಬಂದದ್ದನ್ನು ಬರೆದುಕೊಳ್ಳುವುದು, ತಂತಿ ಕೆಟ್ಟಾಗ ಎಲ್ಲಿ ಕೆಟ್ಟಿದೆಯೆಂದು ಅಳತೆ ಮಾಡಿ ಕಂಡುಹಿಡಿಯುವುದು, ಇದೇ ಆತನ ದಿನಚರಿ. ನಮ್ಮ ದೇಶದಲ್ಲಿ 2013ರಲ್ಲಿ ತಂತಿ ಸೇವೆ ನಿಂತುಹೋಯಿತಾದರೂ, ಆ ಯಂತ್ರದ ಸದ್ದು ಕಿವಿಯಲ್ಲಿ ಉಳಿದಿರುವ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ. ಡೆನ್ಮಾರ್ಕಿನ ಆ ತಂತಿಯಲ್ಲಿ ಒಂದು ವಿಚಿತ್ರವಿತ್ತು. ಒಂದು ದಿಕ್ಕಿನಲ್ಲಿ ಸಂದೇಶಗಳನ್ನು ಬೇಗ ಬೇಗ ಕಳುಹಿಸಬಹುದಾಗಿತ್ತು. ವಿರುದ್ಧ ದಿಕ್ಕಿನಲ್ಲಿ ಅದೇ ವೇಗದಿಂದ ಕಳುಹಿಸಿದರೆ ಸಂಕೇತಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿದ್ದವು. ತಂತಿಯೋ ಒಂದೇ. ಇತರರು ಇದನ್ನು ಕಂಡು ಸುಮ್ಮನಾದರು. ಹೆವಿಸೈಡನು ಬಿಡಲಿಲ್ಲ. ಸಮುದ್ರದ ತಂತಿಗೆ ಎರಡು ತುದಿಗಳಲ್ಲಿ ಜೋಡಿಸಿದ ನೆಲದ ತಂತಿಗಳ ತಡೆ ಸಮನಾಗಿಲ್ಲದಿರುವುದೇ ಇದಕ್ಕೆ ಕಾರಣವೆಂಬುದನ್ನು ಲೆಕ್ಕ ಮಾಡಿ ತೋರಿಸಿದನು.

ಈ ನಡುವೆ, 1873ರಲ್ಲಿ, ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ಮಹಾಪಂಡಿತನು ವಿದ್ಯುತ್ತು ಮತ್ತು ಅಯಸ್ಕಾಂತತ್ವಗಳ ಕುರಿತು ಬರೆದ ಎರಡು ಸಂಪುಟಗಳ ಉದ್ಗ್ರಂಥವು ಪ್ರಕಟವಾಯಿತು. ಗ್ರಂಥಾಲಯದಲ್ಲಿ ಹೆವಿಸೈಡನು ಆ ಪುಸ್ತಕವನ್ನು ತಿರುವಿ ನೋಡಿದನು. ಅರ್ಥವಾದದ್ದು ಅಲ್ಪ. ಅದರೊಳಗೆ ಏನೋ ಮಹತ್ತಾದುದು ಅಡಗಿದೆ ಎಂಬುದು ಮಾತ್ರ ಸ್ಪಷ್ಟವಾಯಿತು. ಶಾಲೆಯಲ್ಲಿ ಕಲಿತ ಬೀಜಗಣಿತ, ತ್ರಿಕೋನಮಿತಿಗಳು ಅದರ ಹೊಸ್ತಿಲಿಗೂ ಸಾಲವು. ಮರುವರ್ಷ, 1874ರ ಮೇ ತಿಂಗಳಲ್ಲಿ, ಇಪ್ಪತ್ತನಾಲ್ಕು ವರ್ಷದ ಆ ಯುವಕನು ಒಳ್ಳೆಯ ಸಂಬಳದ ನೌಕರಿಯನ್ನು ಬಿಟ್ಟು ಲಂಡನ್ನಿನ ತಂದೆ ತಾಯಿಯರ ಮನೆಗೆ ಬಂದನು. ಮತ್ತೆ ಆತನು ಯಾವ ನೌಕರಿಗೂ ಸೇರಲೇ ಇಲ್ಲ. ಬಡ ಮನೆಯ ಮಗನೊಬ್ಬನು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಕೋಣೆಯೊಳಗೆ ಪುಸ್ತಕ ಹಿಡಿದು ಕುಳಿತರೆ ನಾಲ್ಕು ಜನ ಏನೆಂದಾರೆಂಬುದನ್ನು ಊಹಿಸಬಹುದು. ಈ ವರ್ತನೆಯನ್ನು ಎಲ್ಲರಿಗೂ ಮಾದರಿಯೆಂದು ಹೇಳಲು ನಮಗೂ ಧೈರ್ಯ ಸಾಲದು. ಅವನ ಹೊರೆಯನ್ನು ಹೊತ್ತವರು ವೃದ್ಧರಾಗುತ್ತಿದ್ದ ಆ ತಂದೆ ತಾಯಿಗಳೇ.

ಆ ಕೋಣೆಯಲ್ಲಿ ಆತನು ಮಾಡಿದುದೇನೆಂಬುದನ್ನು ತಿಳಿಯಬೇಕಾದರೆ ಅದಿಶ, ಸದಿಶಗಳ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಹತ್ತು ಕಿಲೋ ಅಕ್ಕಿಗೆ ಐದು ಕಿಲೋ ಅಕ್ಕಿ ಸೇರಿಸಿದರೆ ಹದಿನೈದು ಕಿಲೋ ಆಗುತ್ತದೆ. ಎರಡು ತಾಸಿಗೆ ಮೂರು ತಾಸು ಕೂಡಿದರೆ ಐದು ತಾಸು. ಇಲ್ಲಿ ದಿಕ್ಕಿನ ಮಾತಿಲ್ಲ. ವಸ್ತುವಿನ ರಾಶಿ, ಕಾಲ, ಹಾಲಿನ ಬಿಸಿ, ಪಾತ್ರೆಯ ಗಾತ್ರ, ಇವೆಲ್ಲ ಅದಿಶಗಳು. ಇವುಗಳ ಕೂಡುವಿಕೆ ಗಲ್ಲಾಪೆಟ್ಟಿಗೆಯ ಲೆಕ್ಕದಷ್ಟೇ ಸರಳ. ಆದರೆ ಮೂರು ಕಿಲೋಮೀಟರು ಪೂರ್ವಕ್ಕೆ ನಡೆದು, ಅಲ್ಲಿಂದ ನಾಲ್ಕು ಕಿಲೋಮೀಟರು ಉತ್ತರಕ್ಕೆ ನಡೆದವನು ಹೊರಟ ಸ್ಥಳದಿಂದ ಎಷ್ಟು ದೂರದಲ್ಲಿದ್ದಾನೆ? ಕಾಲು ಸವೆದದ್ದು ಏಳು ಕಿಲೋಮೀಟರು. ನೇರವಾಗಿ ಅಳೆದರೆ ಐದೇ ಕಿಲೋಮೀಟರು. ಮೊದಲನೆಯದು ಕ್ರಮಿಸಿದ ದೂರ, ಅದು ಅದಿಶ. ಎರಡನೆಯದು ಸ್ಥಾನಪಲ್ಲಟ, ಅದು ಸದಿಶ. ಅಡಿಗೆಮನೆಯಿಂದ ಮೇಜಿಗೆ, ಮೇಜಿನಿಂದ ಅಡಿಗೆಮನೆಗೆ ದಿನವಿಡೀ ಓಡಾಡಿದ ಸಪ್ಲಾಯರನು ರಾತ್ರಿ ಬೆಳಿಗ್ಗೆ ಹೊರಟ ಬಾಗಿಲ ಬಳಿಯೇ ಬಂದು ನಿಂತರೆ, ಅವನ ಸ್ಥಾನಪಲ್ಲಟ ಸೊನ್ನೆ. ಕಾಲುನೋವು ಸೊನ್ನೆಯಲ್ಲವಲ್ಲ ಎಂದು ಅವನು ಕೇಳಿದರೆ, ಕಾಲುನೋವು ದೂರದ ಲೆಕ್ಕಕ್ಕೆ ಸೇರಿದ್ದೆಂದು ಉತ್ತರ ಹೇಳಬೇಕು. ವೇಗಕ್ಕೂ ಹೀಗೆಯೇ ಎರಡು ಮುಖಗಳುಂಟು. ಗಾಡಿ ಗಂಟೆಗೆ ಅರವತ್ತು ಕಿಲೋಮೀಟರು ಓಡುತ್ತಿದೆ ಎಂದರೆ ಬರಿಯ ಜವ. ಅರವತ್ತು ಕಿಲೋಮೀಟರಿನಂತೆ ಉತ್ತರಕ್ಕೆ ಓಡುತ್ತಿದೆ ಎಂದಾಗ ಅದು ಸದಿಶವಾದ ವೇಗ.

ಬಲದ ವಿಷಯದಲ್ಲಿ ಈ ಭೇದವು ಮೈಗೇ ತಟ್ಟುತ್ತದೆ. ಐವತ್ತು ಕಿಲೋ ತೂಕದ ಒಂದು ಕೊಪ್ಪರಿಗೆಯನ್ನು ಇಬ್ಬರು ಎರಡು ಬಳೆ ಹಿಡಿದು ಎತ್ತಿದ್ದಾರೆನ್ನಿ. ಅವರು ಪಾತ್ರೆಗೆ ಅಂಟಿಕೊಂಡು ನಿಂತು ತೋಳುಗಳನ್ನು ನೆಟ್ಟಗೆ ಇಳಿಬಿಟ್ಟಿದ್ದರೆ ಒಬ್ಬೊಬ್ಬನ ಪಾಲಿಗೆ ಇಪ್ಪತ್ತೈದು ಕಿಲೋ. ಇಬ್ಬರೂ ದೂರ ಸರಿದಂತೆ ತೋಳುಗಳು ಓರೆಯಾಗುತ್ತವೆ, ಭಾರ ಹೆಚ್ಚಿದಂತಾಗುತ್ತದೆ. ತೋಳುಗಳು ನೆಟ್ಟಗಿನ ಗೆರೆಯಿಂದ ಅರವತ್ತು ಡಿಗ್ರಿ ಓರೆಯಾದಾಗ ಒಬ್ಬೊಬ್ಬನೂ ಪೂರಾ ಐವತ್ತು ಕಿಲೋದಷ್ಟು ಬಲ ಹಾಕಿ ಎಳೆಯಬೇಕು. ಆಗ ಐವತ್ತಕ್ಕೆ ಐವತ್ತು ಕೂಡಿದರೆ ನೂರಲ್ಲ, ಐವತ್ತೇ! ಏಕೆಂದರೆ ಅವರ ಬಲದ ಹೆಚ್ಚಿನ ಭಾಗವು ಪಾತ್ರೆಯನ್ನು ಮೇಲೆತ್ತುವ ಬದಲು ಒಬ್ಬರನ್ನೊಬ್ಬರು ಅಕ್ಕಪಕ್ಕಕ್ಕೆ ಎಳೆಯುವುದರಲ್ಲಿ ವ್ಯಯವಾಗುತ್ತದೆ. ಅಡಿಗೆಯ ಭಟ್ಟರು ಹುಡುಗರಿಗೆ ಪಾತ್ರೆಯ ಹತ್ತಿರ ನಿಂತು ಎತ್ತಿರೆಂದು ಗದರಿಸುವುದರಲ್ಲಿ ಸದಿಶಗಳ ಸಂಕಲನ ಸೂತ್ರವೇ ಅಡಗಿದೆ.

ಇನ್ನೊಂದು ಸೂಕ್ಷ್ಮವನ್ನು ಶಾಲೆಯಲ್ಲಿ ಸಾಮಾನ್ಯವಾಗಿ ಬೇಗನೆ ದಾಟಿಬಿಡುತ್ತಾರೆ. ದಿಕ್ಕು ಇದ್ದ ಮಾತ್ರಕ್ಕೆ ಒಂದು ಪರಿಮಾಣವು ಸದಿಶವಾಗುವುದಿಲ್ಲ. ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹಕ್ಕೆ ಇತ್ತಲಿಂದತ್ತ ಎಂಬ ದಿಕ್ಕು ಇದೆ. ಆದರೆ ಮೂರು ಆಂಪೇರಿನ ಒಂದು ತಂತಿಯೂ ನಾಲ್ಕು ಆಂಪೇರಿನ ಇನ್ನೊಂದು ತಂತಿಯೂ ಒಂದು ಗಂಟಿನಲ್ಲಿ ಬಂದು ಸೇರಿದರೆ, ಅವು ಯಾವ ಕೋನದಲ್ಲಿ ಸೇರಲಿ, ಮುಂದಿನ ತಂತಿಯಲ್ಲಿ ಹರಿಯುವುದು ಏಳು ಆಂಪೇರೇ, ಐದಲ್ಲ. ಆದುದರಿಂದ ಪ್ರವಾಹವು ಅದಿಶ. ಎರಡು ಬಾಣಗಳನ್ನು ಅಕ್ಕಪಕ್ಕದ ಬಾಹುಗಳಾಗಿಟ್ಟು ಸಮಾಂತರ ಚತುರ್ಭುಜವನ್ನು ಪೂರ್ತಿಮಾಡಿ, ಅದರ ಕರ್ಣದಿಂದ ಮೊತ್ತವನ್ನು ಪಡೆಯುವ ನಿಯಮಕ್ಕೆ ಒಳಪಟ್ಟದ್ದು ಮಾತ್ರ ಸದಿಶ.

ಈ ಎರಡು ಹೆಸರುಗಳನ್ನು ಈ ಅರ್ಥದಲ್ಲಿ ಬಳಕೆಗೆ ತಂದವನು ಹೆವಿಸೈಡನಲ್ಲ. ಐರ್ಲೆಂಡಿನ ಗಣಿತಜ್ಞ ಸರ್ ವಿಲಿಯಂ ರೋವನ್ ಹ್ಯಾಮಿಲ್ಟನ್. 1843ರ ಅಕ್ಟೋಬರ್ 16ರಂದು ಆತನು ಹೆಂಡತಿಯೊಡನೆ ಡಬ್ಲಿನ್ ನಗರದ ಕಾಲುವೆಯ ದಂಡೆಯಲ್ಲಿ ನಡೆದು ಹೋಗುತ್ತಿದ್ದಾಗ, ವರ್ಷಗಳಿಂದ ತಲೆ ತಿನ್ನುತ್ತಿದ್ದ ಲೆಕ್ಕದ ಗಂಟು ಥಟ್ಟನೆ ಬಿಚ್ಚಿಕೊಂಡಿತು. ಕಾಗದಕ್ಕೆಂದು ಕಾಯದೆ ಆ ಸೂತ್ರವನ್ನು ಬ್ರೂಮ್ ಸೇತುವೆಯ ಕಲ್ಲಿನ ಮೇಲೆ ಚಾಕುವಿನಿಂದ ಕೆತ್ತಿದನಂತೆ. ಕ್ವಾಟರ್ನಿಯನ್ ಎಂಬ ಆ ಹೊಸ ಸಂಖ್ಯೆಗೆ ನಾಲ್ಕು ಅಂಗಗಳು. ಒಂದು ಬರಿಯ ಸಂಖ್ಯೆ, ಉಳಿದ ಮೂರು ಆಕಾಶದ ಮೂರು ದಿಕ್ಕುಗಳಿಗೆ ಸೇರಿದವು. ಬರಿಯ ಸಂಖ್ಯೆಯ ಭಾಗಕ್ಕೆ ಸ್ಕೇಲಾರ್ ಎಂದೂ, ದಿಕ್ಕಿನ ಭಾಗಕ್ಕೆ ಲ್ಯಾಟಿನ್ ಭಾಷೆಯಲ್ಲಿ ಹೊತ್ತೊಯ್ಯುವವನು ಎಂಬ ಅರ್ಥವುಳ್ಳ ವೆಕ್ಟರ್ ಎಂದೂ ಆತನು ಹೆಸರಿಟ್ಟನು.

ಕ್ವಾಟರ್ನಿಯನ್ನು ಗಣಿತದ ದೃಷ್ಟಿಯಿಂದ ಅತಿ ಸುಂದರವಾದ ವಸ್ತು. ಆದರೆ ಭೌತಶಾಸ್ತ್ರದ ದಿನಬಳಕೆಗೆ ತೊಡಕಿನದು. ಎರಡು ಸದಿಶಗಳನ್ನು ಗುಣಿಸಿದರೆ ಬರುವ ಉತ್ತರದಲ್ಲಿ ಬರಿಯ ಸಂಖ್ಯೆಯೂ ದಿಕ್ಕೂ ಎರಡೂ ಕಲಸಿಕೊಂಡಿರುತ್ತಿದ್ದವು. ಅದಕ್ಕಿಂತ ಮಿಗಿಲಾಗಿ, ಸದಿಶವನ್ನು ಅದರಿಂದಲೇ ಗುಣಿಸಿದರೆ ಉತ್ತರವು ಋಣಸಂಖ್ಯೆಯಾಗುತ್ತಿತ್ತು. ಚಲಿಸುವ ವಸ್ತುವಿನ ಶಕ್ತಿಯು ಅದರ ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ವೇಗದ ವರ್ಗ ಋಣವಾದರೆ ಓಡುವ ರೈಲಿನ ಶಕ್ತಿಯೂ ಋಣವೆಂದು ಬರೆದು, ಆಮೇಲೆ ಚಿಹ್ನೆ ತಿದ್ದಬೇಕು. ಮ್ಯಾಕ್ಸ್‌ವೆಲನ ಗ್ರಂಥವನ್ನು ಅಕ್ಷರಶಃ ಅಗೆದು ಓದುತ್ತಿದ್ದ ಹೆವಿಸೈಡನಿಗೆ ಇದು ಸಹಿಸಲಿಲ್ಲ. ಆತನು ಕ್ವಾಟರ್ನಿಯನ್ನನ್ನು ಒಡೆದುಹಾಕಿ, ತನಗೆ ಬೇಕಾದ ಸದಿಶವನ್ನು ಮಾತ್ರ ಹೊರತೆಗೆದು, ಅದಕ್ಕೆ ಎರಡು ಬಗೆಯ ಗುಣಾಕಾರಗಳನ್ನು ಪ್ರತ್ಯೇಕವಾಗಿ ಇಟ್ಟುಕೊಂಡನು.

ಮೊದಲನೆಯ ಗುಣಾಕಾರದ ಉತ್ತರ ಅದಿಶ. ಬಲವನ್ನು ಸ್ಥಾನಪಲ್ಲಟದಿಂದ ಹೀಗೆ ಗುಣಿಸಿದರೆ ಕೆಲಸವು ದೊರೆಯುತ್ತದೆ. ಚಲಿಸಿದ ದಿಕ್ಕಿನಲ್ಲಿ ಬಿದ್ದ ಬಲಕ್ಕೆ ಮಾತ್ರ ಇಲ್ಲಿ ಬೆಲೆ. ತಲೆಯ ಮೇಲೆ ಮೂಟೆ ಹೊತ್ತು ಸಮನೆಲದಲ್ಲಿ ಒಂದೇ ವೇಗದಿಂದ ನಡೆದ ಹಮಾಲನು ಮೂಟೆಯನ್ನು ಮೇಲಕ್ಕೆ ಎತ್ತಿಹಿಡಿದಿದ್ದಾನೆ, ಅದು ಸಾಗಿದ್ದು ಅಡ್ಡಕ್ಕೆ. ಭೌತಶಾಸ್ತ್ರದ ಪ್ರಕಾರ ಆ ಬಲವು ಮಾಡಿದ ಕೆಲಸ ಸೊನ್ನೆ. ಇದನ್ನು ಹಮಾಲನ ಎದುರಿಗೆ ಹೇಳದಿರುವುದು ಲೇಸು. ಎರಡನೆಯ ಗುಣಾಕಾರದ ಉತ್ತರವು ಮತ್ತೊಂದು ಸದಿಶ. ಬಾಗಿಲನ್ನು ತಿರುಗಣಿಯ ಹತ್ತಿರ ನೂಕಿದರೆ ತೆರೆಯುವುದು ಕಷ್ಟ, ಅಂಚಿನಲ್ಲಿ ನೂಕಿದರೆ ಸುಲಭ. ದೂರ ಮತ್ತು ಬಲಗಳನ್ನು ಈ ರೀತಿಯಲ್ಲಿ ಗುಣಿಸಿದರೆ ಬಾಗಿಲನ್ನು ತಿರುಗಿಸುವ ತಿರುಚು ಬಲ ದೊರೆಯುತ್ತದೆ; ಅದರ ದಿಕ್ಕು ತಿರುಗಣಿಯ ಗೂಟದ ಉದ್ದಕ್ಕೆ ಇರುತ್ತದೆ. ಪುಸ್ತಕದಲ್ಲಿ ಸದಿಶಗಳು ಕಣ್ಣಿಗೆ ಬೇರೆಯಾಗಿ ಕಾಣಲೆಂದು ಅವನ್ನು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿಸುವ ಪದ್ಧತಿಯನ್ನೂ ಆತನು ಬಳಕೆಗೆ ತಂದನು. ಇಂದಿಗೂ ಅಚ್ಚಿನ ಪುಸ್ತಕಗಳಲ್ಲಿ ಅದೇ ರೂಢಿ.

ಈ ಆಯುಧವನ್ನು ಹಿಡಿದು ಆತನು 1884–85ರ ಸುಮಾರಿಗೆ ಮ್ಯಾಕ್ಸ್‌ವೆಲನ ಸಿದ್ಧಾಂತವನ್ನು ಹೊಸದಾಗಿ ಬರೆದನು. ಮ್ಯಾಕ್ಸ್‌ವೆಲನು 1865ರ ತನ್ನ ಲೇಖನದಲ್ಲಿ ಇಪ್ಪತ್ತು ಅಜ್ಞಾತಗಳಿಗೆ ಇಪ್ಪತ್ತು ಸಮೀಕರಣಗಳನ್ನು ಕೊಟ್ಟಿದ್ದನು. ಹೆವಿಸೈಡನ ಕೈಯಲ್ಲಿ ಅವು ನಾಲ್ಕಾದವು. ವಿದ್ಯುತ್ ಕ್ಷೇತ್ರದ ಗೆರೆಗಳು ವಿದ್ಯುದಂಶದಿಂದ ನಲ್ಲಿಯ ನೀರಿನಂತೆ ಹೊರಹೊಮ್ಮುತ್ತವೆ. ಅಯಸ್ಕಾಂತ ಕ್ಷೇತ್ರದ ಗೆರೆಗಳಿಗೆ ಅಂಥ ನಲ್ಲಿಯೇ ಇಲ್ಲ. ಅಯಸ್ಕಾಂತ ಕ್ಷೇತ್ರವು ಬದಲಾದಾಗ ಅದರ ಸುತ್ತ ವಿದ್ಯುತ್ ಕ್ಷೇತ್ರವು, ಸೌಟಿನಿಂದ ಕಲಕಿದ ಸಾರಿನಂತೆ, ಸುಳಿಯಾಗಿ ಏಳುತ್ತದೆ. ಪ್ರವಾಹವು ಹರಿದಾಗಲೂ ವಿದ್ಯುತ್ ಕ್ಷೇತ್ರವು ಬದಲಾದಾಗಲೂ ಅಯಸ್ಕಾಂತ ಕ್ಷೇತ್ರವು ಸುಳಿಯಾಗಿ ಏಳುತ್ತದೆ. ಇಷ್ಟೇ. ಜರ್ಮನಿಯ ಹರ್ಟ್ಸ್ ಸಹ ಬೇರೆ ದಾರಿಯಿಂದ ಇದೇ ರೂಪಕ್ಕೆ ಬಂದನು. ಇಂದು ಜಗತ್ತಿನ ಎಲ್ಲ ವಿಶ್ವವಿದ್ಯಾಲಯಗಳಲ್ಲಿ ಮ್ಯಾಕ್ಸ್‌ವೆಲನ ಸಮೀಕರಣಗಳೆಂದು ಕಲಿಸುವುದು ಈ ನಾಲ್ಕನ್ನೇ. 1879ರಲ್ಲಿ ನಲವತ್ತೆಂಟರ ವಯಸ್ಸಿನಲ್ಲಿಯೇ ತೀರಿಕೊಂಡ ಮ್ಯಾಕ್ಸ್‌ವೆಲನು ಅವುಗಳನ್ನು ಆ ರೂಪದಲ್ಲಿ ಕಾಣಲಿಲ್ಲ.

ಸಮುದ್ರದಾಚೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವಿಲರ್ಡ್ ಗಿಬ್ಸ್ ಎಂಬ ಪ್ರಾಧ್ಯಾಪಕನೂ ಅದೇ ಕಾಲದಲ್ಲಿ, ಹೆವಿಸೈಡನ ಸುಳಿವೂ ಇಲ್ಲದೆ, ಸದಿಶ ಗಣಿತವನ್ನು ಹೀಗೆಯೇ ಬೇರ್ಪಡಿಸಿ, ತನ್ನ ವಿದ್ಯಾರ್ಥಿಗಳಿಗಾಗಿ 1881 ಮತ್ತು 1884ರಲ್ಲಿ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ್ದನು. ಹ್ಯಾಮಿಲ್ಟನನ ಪರಮಭಕ್ತನಾದ ಎಡಿನ್‌ಬರೋದ ಪೀಟರ್ ಟೇಟನಿಗೆ ಇದು ಗುರುದ್ರೋಹವೆನಿಸಿತು. 1890ರಿಂದ ನಾಲ್ಕೈದು ವರ್ಷ ‘ನೇಚರ್’ ಪತ್ರಿಕೆಯ ಪುಟಗಳಲ್ಲಿ ಎರಡೂ ಪಕ್ಷಗಳ ನಡುವೆ ಖಡಾಖಡಿ ವಾಗ್ಯುದ್ಧ ನಡೆಯಿತು. ಗಿಬ್ಸನು ವಿನಯದಿಂದ ವಾದಿಸಿದನು. ಹೆವಿಸೈಡನದು ಕೊಂಕು ಮಾತು, ಹಾಸ್ಯ, ಚುಚ್ಚು. ಕಾಲವು ಕೊನೆಗೆ ಇವರಿಬ್ಬರ ಪರವಾಗಿಯೇ ತೀರ್ಪು ಕೊಟ್ಟಿತು. ಕ್ವಾಟರ್ನಿಯನ್ನು ಮಾತ್ರ ಸತ್ತುಹೋಯಿತೆಂದು ತಿಳಿಯಬಾರದು. ಉಪಗ್ರಹಗಳನ್ನು ಆಕಾಶದಲ್ಲಿ ತಿರುಗಿಸುವ ಲೆಕ್ಕಕ್ಕೆ ಗಣಕಯಂತ್ರಗಳು ಇಂದು ಅದನ್ನೇ ಬಳಸುತ್ತವೆ.

ಆದರೆ ಆತನ ಬಾಳನ್ನು ಕಹಿಮಾಡಿದ ಜಗಳವು ಬೇರೆಯದು, ಅದು ಮತ್ತೆ ತಂತಿಯದೇ. 1876ರಲ್ಲಿ ಬೆಲ್ಲನು ಟೆಲಿಫೋನು ಕಂಡುಹಿಡಿದ ಮೇಲೆ ದೂರದ ಊರುಗಳಿಗೆ ಮಾತು ಕಳುಹಿಸುವ ಆಸೆ ಎಲ್ಲೆಡೆಯೂ ಹುಟ್ಟಿತು. ತಂತಿ ಉದ್ದವಾದಂತೆ ದನಿ ಕ್ಷೀಣಿಸುವುದಲ್ಲದೆ ಗೊಜಗೊಜವಾಗುತ್ತಿತ್ತು. ಮಾತಿನಲ್ಲಿರುವ ಸಣ್ಣ ಸ್ವರ, ದಪ್ಪ ಸ್ವರಗಳು ತಂತಿಯಲ್ಲಿ ಒಂದೇ ವೇಗದಿಂದ ಸಾಗದೆ, ಒಂದೇ ಪ್ರಮಾಣದಲ್ಲಿ ಕುಗ್ಗದೆ, ಅಸ್ತವ್ಯಸ್ತವಾಗಿ ತಲಪುತ್ತಿದ್ದುದೇ ಇದಕ್ಕೆ ಕಾರಣ. ತಂತಿಗೆ ತಡೆ, ಧಾರಣೆ, ಸೋರಿಕೆ, ಪ್ರೇರಣೆ ಎಂದು ನಾಲ್ಕು ಗುಣಗಳು. ಪ್ರೇರಣೆಯನ್ನು ತಡೆಯಿಂದ ಭಾಗಿಸಿದ್ದೂ ಧಾರಣೆಯನ್ನು ಸೋರಿಕೆಯಿಂದ ಭಾಗಿಸಿದ್ದೂ ಸಮನಾದರೆ ಎಲ್ಲ ಸ್ವರಗಳೂ ಒಟ್ಟಿಗೆ ಸಾಗಿ ಮಾತು ರೂಪಗೆಡದೆ ತಲಪುವುದೆಂದು ಹೆವಿಸೈಡನು 1887ರಲ್ಲಿ ಸಾಧಿಸಿದನು. ಸಾಮಾನ್ಯ ತಂತಿಗಳಲ್ಲಿ ಪ್ರೇರಣೆಯು ತೀರ ಕಡಿಮೆ. ಆದುದರಿಂದ ಅದನ್ನು ಹೆಚ್ಚಿಸಬೇಕು. ಅಂಚೆ ಇಲಾಖೆಯ ಪ್ರಮುಖ ವಿದ್ಯುತ್ ತಜ್ಞನಾಗಿದ್ದ ವಿಲಿಯಂ ಪ್ರೀಸನ ನಂಬಿಕೆ ಇದಕ್ಕೆ ತದ್ವಿರುದ್ಧ. ಪ್ರೇರಣೆಯೇ ಶತ್ರು, ಅದನ್ನು ತಗ್ಗಿಸಬೇಕೆಂದು ಆತನು ಸಾರುತ್ತಿದ್ದನು.

ಒಬ್ಬನು ಇಲಾಖೆಯ ಮೇಲಧಿಕಾರಿ. ಇನ್ನೊಬ್ಬನು ಕೆಲಸವಿಲ್ಲದೆ ಮನೆಯಲ್ಲಿ ಕುಳಿತವನು. ಆಲಿವರನೂ ಅಣ್ಣ ಆರ್ಥರನೂ ಕೂಡಿ ಬರೆದ ಪ್ರಬಂಧಕ್ಕೆ ಪ್ರೀಸನು ಅಡ್ಡಬಂದನು. ಅವನ ಕೈಕೆಳಗಿನ ನೌಕರನಾದ ಆರ್ಥರನು ಸುಮ್ಮನಾಗಲೇಬೇಕಾಯಿತು. ಆಲಿವರನ ಲೇಖನಗಳನ್ನು 1882ರಿಂದ ಪ್ರಕಟಿಸುತ್ತ ಬಂದಿದ್ದ ‘ಎಲೆಕ್ಟ್ರಿಷಿಯನ್’ ವಾರಪತ್ರಿಕೆಯ ಸಂಪಾದಕನೂ ಅದೇ 1887ರಲ್ಲಿ ಬದಲಾದನು. ಹೊಸ ಸಂಪಾದಕನು ಆ ಲೇಖನಮಾಲೆಯನ್ನೇ ನಿಲ್ಲಿಸಿದನು. ಆ ಪತ್ರಿಕೆಯಿಂದ ಬರುತ್ತಿದ್ದುದು ವರ್ಷಕ್ಕೆ ಸುಮಾರು ನಲವತ್ತು ಪೌಂಡು, ಆತನ ಸಂಪಾದನೆಯೆಂದರೆ ಅಷ್ಟೇ. ಅರ್ಥವಾಗದ ಲೇಖನವನ್ನು ಮುದ್ರಿಸುವುದು ಸಂಪಾದಕನಿಗೆ ಎಷ್ಟು ಕಷ್ಟವೆಂಬುದನ್ನು ನಾವು ಬಲ್ಲೆವು. ಆದರೂ ಐದು ವರ್ಷ ಮುದ್ರಿಸಿದ ಆ ಮೊದಲನೆಯ ಸಂಪಾದಕನ ಪರವಾಗಿಯೇ ನಮ್ಮ ಮನಸ್ಸು ವಾಲುತ್ತದೆ.

ಮರುವರ್ಷವೇ ಗಾಳಿ ತಿರುಗಿತು. 1888ರಲ್ಲಿ ಹರ್ಟ್ಸನು ವಿದ್ಯುತ್ ಅಲೆಗಳನ್ನು ಪ್ರಯೋಗದಿಂದ ತೋರಿಸಿದಾಗ, ಆ ಅಲೆಗಳ ಗಣಿತವನ್ನೆಲ್ಲ ಮೊದಲೇ ಬರೆದಿಟ್ಟವನು ಒಬ್ಬನಿದ್ದಾನೆಂದು ವಿದ್ವಾಂಸರು ಹುಡುಕಿಕೊಂಡು ಬಂದರು. ಆಲಿವರ್ ಲಾಜ್, ಫಿಟ್ಸ್‌ಜೆರಾಲ್ಡ್ ಮೊದಲಾದವರು ಮಿತ್ರರಾದರು. 1889ರಲ್ಲಿ ಸರ್ ವಿಲಿಯಂ ಥಾಮ್ಸನನು ವಿದ್ಯುತ್ ಇಂಜಿನಿಯರರ ಸಂಸ್ಥೆಯ ಅಧ್ಯಕ್ಷಪೀಠದಿಂದ ಆತನನ್ನು ಹೊಗಳಿದನು. 1891ರಲ್ಲಿ ರಾಯಲ್ ಸೊಸೈಟಿಯ ಫೆಲೋ ಪದವಿ ಬಂದಿತು. ಆದರೆ ಅದೇ ಸೊಸೈಟಿಯು 1894ರಲ್ಲಿ ಆತನ ಒಂದು ಪ್ರಬಂಧದ ಮೂರನೆಯ ಭಾಗವನ್ನು, ತರ್ಕಶುದ್ಧವಾದ ಸಾಧನೆಯಿಲ್ಲವೆಂದು, ಹಿಂದಿರುಗಿಸಿತು. ಕ್ಲಿಷ್ಟ ಸಮೀಕರಣಗಳನ್ನು ಸುಲಭವಾಗಿ ಬಿಡಿಸುವ ಉಪಾಯವೊಂದನ್ನು ಆತನು ಅದರಲ್ಲಿ ಬೆಳೆಸಿದ್ದನು. ಉತ್ತರಗಳು ಸರಿ, ಅವು ಏಕೆ ಸರಿಯಾಗುತ್ತವೆಂಬುದಕ್ಕೆ ಪಂಡಿತರು ಒಪ್ಪುವ ವಿವರಣೆ ಇರಲಿಲ್ಲ. ಜೀರ್ಣವಾಗುವ ಬಗೆ ತಿಳಿಯದೆಂದು ಊಟ ಬಿಡುವವರುಂಟೇ ಎಂಬ ಧಾಟಿಯದು ಆತನ ವಾದ. ಹೋಟೆಲಿನವರಿಗೆ ಒಪ್ಪಿಗೆಯಾಗುವ ವಾದವೇ ಸರಿ! ಮುಂದೆ ಗಣಿತಜ್ಞರು ಅದಕ್ಕೆ ಬೇಕಾದ ಸಾಧನೆಯನ್ನೂ ಒದಗಿಸಿದರು.

ಕೀರ್ತಿಯಿಂದ ಹೊಟ್ಟೆ ತುಂಬಲಿಲ್ಲ. 1889ರಲ್ಲಿ ಸಂಸಾರವು ಡೆವನ್ ಸೀಮೆಯ ಪೇಯ್ನ್‌ಟನ್ ಎಂಬ ಕಡಲತೀರದ ಊರಿಗೆ ಹೋಯಿತು. ಅಲ್ಲಿ ಇನ್ನೊಬ್ಬ ಅಣ್ಣ ಚಾರ್ಲ್ಸನಿಗೆ ಸಂಗೀತ ವಾದ್ಯಗಳ ಅಂಗಡಿಯಿತ್ತು. 1894ರಲ್ಲಿ ತಾಯಿ, 1896ರಲ್ಲಿ ತಂದೆ ತೀರಿಕೊಂಡರು. ರಾಯಲ್ ಸೊಸೈಟಿಯು ತನ್ನ ಸಹಾಯನಿಧಿಯಿಂದ ಹಣ ಕೊಡಲು ಮುಂದೆ ಬಂದಾಗ ಅದು ಭಿಕ್ಷೆಯೆಂದು ಆತನು ತಿರಸ್ಕರಿಸಿದನು. ಕೊನೆಗೆ 1896ರಲ್ಲಿ ಮಿತ್ರರು ಶ್ರಮಪಟ್ಟು ಸರಕಾರದಿಂದ ವರ್ಷಕ್ಕೆ 120 ಪೌಂಡಿನ ಗೌರವಧನವನ್ನು ಮಂಜೂರು ಮಾಡಿಸಿ, ಇದು ದಾನವಲ್ಲ, ಸಾಧನೆಗೆ ಸಂದ ಮನ್ನಣೆಯೆಂದು ಒಪ್ಪಿಸಬೇಕಾಯಿತು. 1914ರಲ್ಲಿ ಅದು 220 ಪೌಂಡಿಗೆ ಏರಿತು.

ಅಷ್ಟರಲ್ಲಿ ತಂತಿಯ ಸೂತ್ರವು ಬೇರೆಯವರ ಮನೆಯಲ್ಲಿ ಹಣ ಸುರಿಸಿತ್ತು. ತಂತಿಯ ನಡುನಡುವೆ ಗೊತ್ತಾದ ಅಂತರದಲ್ಲಿ ಸುರುಳಿಗಳನ್ನು ಜೋಡಿಸಿ ಪ್ರೇರಣೆಯನ್ನು ಹೆಚ್ಚಿಸುವ ವಿಧಾನಕ್ಕೆ ಅಮೆರಿಕದಲ್ಲಿ ಮೈಕೇಲ್ ಪ್ಯೂಪಿನ್ ಎಂಬ ಪ್ರಾಧ್ಯಾಪಕನು 1900ರಲ್ಲಿ ಪೇಟೆಂಟು ಪಡೆದನು. ಅಲ್ಲಿಯ ದೊಡ್ಡ ಟೆಲಿಫೋನು ಕಂಪೆನಿ ಅದನ್ನು ಕೊಂಡುಕೊಂಡಿತು. ಪ್ಯೂಪಿನನಿಗೆ ಒಟ್ಟಿನಲ್ಲಿ ನಾಲ್ಕು ಲಕ್ಷಕ್ಕೂ ಮೇಲ್ಪಟ್ಟು ಡಾಲರು ಸಂದಿತು. ಹೆವಿಸೈಡನು ಪೇಟೆಂಟು ತೆಗೆದುಕೊಂಡಿರಲಿಲ್ಲ. ಆತನಿಗೆ ಒಂದು ಕಾಸೂ ಬರಲಿಲ್ಲ. ಇತ್ತ ಪ್ರೀಸನು 1899ರಲ್ಲಿ ಸರ್ ಪದವಿಯನ್ನು ಪಡೆದಿದ್ದನು.

1901ರ ಡಿಸೆಂಬರಿನಲ್ಲಿ ಮಾರ್ಕೋನಿಯು ನಿಸ್ತಂತು ಸಂಕೇತವನ್ನು ಅಟ್ಲಾಂಟಿಕ್ ಸಾಗರದಾಚೆಗೆ ಕಳುಹಿಸಿದನು. ನೇರವಾಗಿ ಸಾಗುವ ಅಲೆಗಳು ಗುಂಡಾದ ಭೂಮಿಯ ಬೆನ್ನನ್ನು ಬಳಸಿ ಹೋದದ್ದು ಹೇಗೆ? ಮೇಲೆ, ಬಹಳ ಎತ್ತರದಲ್ಲಿ, ವಿದ್ಯುತ್ತನ್ನು ಹರಿಯಗೊಡುವ ಗಾಳಿಯ ಪದರವೊಂದು ಇದ್ದು ಅದು ಅಲೆಗಳನ್ನು ಕೆಳಕ್ಕೆ ಬಗ್ಗಿಸುತ್ತಿರಬೇಕೆಂದು 1902ರಲ್ಲಿ ಅಮೆರಿಕದ ಕೆನೆಲಿಯೂ, ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ ಹೆವಿಸೈಡನೂ ಬೇರೆಬೇರೆಯಾಗಿ ಊಹಿಸಿದರು. ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ಒಂದು ಕಾಲಕ್ಕೆ ರೇಡಿಯೋ ಸಿಲೋನಿನ ಹಾಡುಗಳು ಅಷ್ಟು ದೂರದಿಂದ ಕೇಳಿಬರುತ್ತಿದ್ದುದು ಆ ಪದರದ ಮತ್ತು ಅದರ ಮೇಲಿರುವ ಪದರಗಳ ಕೃಪೆಯಿಂದ.

1908ರಿಂದ ಆತನು ಟಾರ್ಕೀ ಎಂಬ ಊರಿನಲ್ಲಿ ವಾಸವಾಗಿದ್ದನು. ಮದುವೆಯಾಗಲಿಲ್ಲ. ಕಿವಿ ಪೂರ್ತಿ ಕೆಟ್ಟಿತ್ತು. ಕೇಂಬ್ರಿಜಿನ ಸರ್ಲ್ ಎಂಬ ಮಿತ್ರನು ಹೆಂಡತಿಯೊಡನೆ ಆಗಾಗ ಬಂದು ಕಂಡು ಹೋಗುತ್ತಿದ್ದುದನ್ನು ಬಿಟ್ಟರೆ ಜನರ ಸಂಗ ಕಡಿಮೆ. ಬೀದಿಯ ಹುಡುಗರು ಗೇಲಿ ಮಾಡುತ್ತಿದ್ದರು. ಗ್ಯಾಸಿನ ಬಿಲ್ಲು ಬಾಕಿಯಾಗಿ ಕಂಪೆನಿಯವರೊಡನೆ ವರ್ಷಗಟ್ಟಲೆ ಜಗಳ. ಚಳಿಯಲ್ಲಿ ಕಂಬಳಿ ಹೊದ್ದು ಕುಳಿತಿರುತ್ತಿದ್ದನು. ವಿದ್ಯುತ್ ಇಂಜಿನಿಯರರ ಸಂಸ್ಥೆಯು ಹೊಸದಾಗಿ ಸ್ಥಾಪಿಸಿದ ಫ್ಯಾರಡೆ ಪದಕವನ್ನು 1922ರಲ್ಲಿ ಮೊತ್ತಮೊದಲಿಗೆ ಈತನಿಗೇ ಕೊಟ್ಟಿತು. ಆತನು ಲಂಡನ್ನಿಗೆ ಬರುವವನಲ್ಲವೆಂದು ತಿಳಿದು ಅಧ್ಯಕ್ಷರೇ ಟಾರ್ಕೀಗೆ ಹೋಗಿ ಕೈಗೆ ಕೊಟ್ಟು ಬಂದರು.

1924ರ ಡಿಸೆಂಬರಿನಲ್ಲಿ ಎಡ್ವರ್ಡ್ ಆ್ಯಪಲ್ಟನ್ ಮತ್ತು ಆತನ ಸಹಾಯಕನು ರೇಡಿಯೋ ಅಲೆಗಳನ್ನು ಮೇಲಕ್ಕೆ ಕಳುಹಿಸಿ, ಹಿಂದಿರುಗಿದವನ್ನು ಅಳೆದು, ಆಕಾಶದಲ್ಲಿ ಆ ಪದರವು ಇರುವುದು ನಿಜವೆಂದು ಸಾಧಿಸಿದರು. ಮುಂದೆ ಆ್ಯಪಲ್ಟನನಿಗೆ 1947ರ ನೊಬೆಲ್ ಬಹುಮಾನ ಬಂದಿತು. ಹೆವಿಸೈಡನು ಆ ಚಳಿಗಾಲದಲ್ಲಿ ಏಣಿಯಿಂದ ಬಿದ್ದು ಹಾಸಿಗೆ ಹಿಡಿದು, 1925ನೆಯ ಇಸವಿ ಫೆಬ್ರವರಿ 3ರಂದು, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ಪೇಯ್ನ್‌ಟನ್ನಿನ ರುದ್ರಭೂಮಿಯಲ್ಲಿ ತಂದೆ ತಾಯಿಯರ ಸಮಾಧಿಯಲ್ಲಿಯೇ ಆತನನ್ನೂ ಮಣ್ಣುಮಾಡಿದರು.